ಮೂರು ರಾಜರು ಐದು ಕಳಾವರಕ್ಕೆ ಸೋತದ್ದು ಹೇಗೆ?

ಓದುಗರ ಪ್ರಶ್ನೆ: "ನಮ್ಮದು ಜಮಖಂಡಿ. ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ, ವಯಸ್ಸು 47. ದೀಪಾವಳಿ ಪಾಡ್ಯದ ರಾತ್ರಿ ಮನೆಮಂದಿಯೆಲ್ಲ ಕುಳಿತು ತೀನ್ ಪತ್ತಿ ಆಡುವುದು ನಮ್ಮಲ್ಲಿ ಮೊದಲಿನಿಂದಲೂ ಬಂದ ರೂಢಿ. ಹಣ ಇಡುವುದಿಲ್ಲ, ಶೇಂಗಾ ಬೀಜ ಇಡುತ್ತೇವೆ. ಈ ಸಲ ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದುವ ಅಕ್ಕನ ಮಗ ಬಂದು ಟೆಕ್ಸಾಸ್ ಹೋಲ್ಡೆಮ್ ಎಂಬ ಪೋಕರ್ ಆಟ ಕಲಿಸಿದ. ನನ್ನ ಕೈಗೆ ಎರಡು ರಾಜ ಬಂದವು, ನೆಲದ ಮೇಲೆ ಮತ್ತೊಂದು ರಾಜ ಬಿತ್ತು. ಮೂರು ರಾಜ ಇದ್ದವರು ಸೋಲುವುದುಂಟೇ ಎಂದು, ಯಾರಿಗೂ ಗೊತ್ತಾಗಬಾರದೆಂದು ಹತ್ತು ಹತ್ತೇ ಬೀಜ ಇಡುತ್ತ ಹೋದೆ. ಕೊನೆಯ ಎಲೆ ಬಿದ್ದ ಮೇಲೆ ಅವನು 'ಮೌಶಿ, ನನ್ನದು ಫ್ಲಶ್' ಎಂದು ಐದು ಕಳಾವರ ತೋರಿಸಿ ರಾಶಿಯನ್ನೆಲ್ಲ ಎಳೆದುಕೊಂಡ. ನಮ್ಮ ಆಟದಲ್ಲಿ ಕಲರ್ (ಮೂರೂ ಒಂದೇ ಜಾತಿಯ ಎಲೆ) ಎಂದರೆ ಟ್ರೈಲ್‌ಗಿಂತ (ಮೂರು ರಾಜ, ಮೂರು ರಾಣಿ ಇದ್ದಂತೆ) ಎಷ್ಟೋ ಕೆಳಗೆ. ಅವನು ನಿಯಮವನ್ನು ತನಗೆ ಬೇಕಾದಂತೆ ಹೇಳಿದನೇ? ಇದು ಬರೀ ನಸೀಬಿನ ಆಟವೋ, ಬುದ್ಧಿಯ ಆಟವೋ? ಸರಿಯಾಗಿ ಕಲಿಯಬೇಕೆಂಬ ಆಸೆ ಇದೆ. ಆದರೆ ಮನೆಯವರು, ಪೋಕರ್ ಎಂದರೆ ಜೂಜು, ಪೊಲೀಸ್ ಕೇಸ್ ಆಗುತ್ತದೆ, ಹುಡುಗನೂ ಹಾಳಾಗುತ್ತಾನೆ ಎನ್ನುತ್ತಾರೆ."

ಮೇಡಂ, ನಿಮ್ಮ ಅಕ್ಕನ ಮಗ ಮೋಸ ಮಾಡಿಲ್ಲ. ಹೋಲ್ಡೆಮ್‌ನಲ್ಲಿ ಫ್ಲಶ್ ಮುಂದೆ ಮೂರು ರಾಜರು ಸೋಲುವುದೇ ನಿಯಮ. ಆದರೆ ಆ ಆಟವನ್ನು ನೀವು ಸೋತದ್ದು ನಿಯಮ ತಿಳಿಯದೆ ಎಂದು ಮಾತ್ರ ಅಂದುಕೊಳ್ಳಬೇಡಿ. ಕೊನೆಯ ಎಲೆಗೆ ಮುಂಚೆ ನೀವು ಇಟ್ಟ ಹತ್ತು ಬೀಜದಲ್ಲಿ ಒಂದು ತಪ್ಪಿತ್ತು. ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಆ ತಪ್ಪಿನಲ್ಲೇ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ವಿಜಯಪುರದಲ್ಲಿ ಪದವಿ ವಿದ್ಯಾರ್ಥಿಗಳಿಗೆ ಸಂಖ್ಯಾಶಾಸ್ತ್ರ ಕಲಿಸುವವನು. ಸಂಭವನೀಯತೆಯ ಪಾಠಕ್ಕೆ ಇಸ್ಪೀಟಿನ ಕಟ್ಟಿಗಿಂತ ಒಳ್ಳೆಯ ಸಾಧನವಿಲ್ಲ, ಹಾಗಾಗಿ ಮೇಜಿನ ಡ್ರಾಯರಿನಲ್ಲಿ ಒಂದು ಕಟ್ಟು ಯಾವಾಗಲೂ ಇರುತ್ತದೆ. ನಮ್ಮ ಕಡೆಯ ಮಕ್ಕಳು ಪೋಕರ್ ಕಲಿಯುವಾಗ ಎಡವುವುದು ನೀವು ಎಡವಿದ ಜಾಗದಲ್ಲೇ. ಏನೂ ಆಡಿ ಗೊತ್ತಿಲ್ಲದವನು ಒಂದು ಸಂಜೆಯಲ್ಲಿ ಕಲಿಯುತ್ತಾನೆ. ತೀನ್ ಪತ್ತಿ ಚೆನ್ನಾಗಿ ಬಲ್ಲವನಿಗೆ ಹೆಚ್ಚು ದಿನ ಬೇಕು, ಏಕೆಂದರೆ ಅವನು ಮೊದಲು ಒಂದಷ್ಟನ್ನು ಮರೆಯಬೇಕು.

ತೀನ್ ಪತ್ತಿಯ ಮೂರೆಲೆ ಮತ್ತು ಪೋಕರ್‌ನ ಐದೆಲೆಯ ಲೆಕ್ಕ ನೋಡೋಣ. 52 ಎಲೆಗಳಿಂದ ಮೂರು ಎಲೆಗಳ ಕೈಗಳು ಒಟ್ಟು 22,100 ಆಗುತ್ತವೆ. ಅವುಗಳಲ್ಲಿ ಟ್ರೈಲ್ 52, ಶುದ್ಧ ಸೀಕ್ವೆನ್ಸ್ (ಒಂದೇ ಜಾತಿಯ ಸಾಲು) 48, ಸಾಮಾನ್ಯ ಸೀಕ್ವೆನ್ಸ್ 720, ಕಲರ್ 1,096, ಜೋಡಿ 3,744. ಉಳಿದ 16,440 ಬಿಡಿ ಎಲೆಗಳ ಕೈಗಳು. ಯಾವ ಕೈ ಅಪರೂಪವೋ ಅದು ದೊಡ್ಡದು ಎಂಬ ತತ್ವದ ಮೇಲೆ ಈ ಕ್ರಮ ನಿಂತಿದೆ. (ಲೆಕ್ಕ ನೋಡಿದರೆ ಶುದ್ಧ ಸೀಕ್ವೆನ್ಸ್ ಟ್ರೈಲ್‌ಗಿಂತ ನಾಲ್ಕು ಕಡಿಮೆ, ಅಂದರೆ ಅದೇ ಮೇಲಿರಬೇಕಿತ್ತು. ತೀನ್ ಪತ್ತಿಯವರು ಆ ನಾಲ್ಕನ್ನು ಲೆಕ್ಕಕ್ಕೆ ಹಿಡಿದಿಲ್ಲ. ಮೂರು ಎಕ್ಕ ಕೈಯಲ್ಲಿ ಹಿಡಿದವನಿಗೆ ಯಾರು ಹೋಗಿ ಈ ಲೆಕ್ಕ ಒಪ್ಪಿಸುತ್ತಾರೆ?)

ಈಗ ಐದು ಎಲೆಗೆ ಬನ್ನಿ. ಒಟ್ಟು ಕೈಗಳು 25,98,960. ಮೂರು ಒಂದೇ ಎಲೆ ಇರುವ ಕೈಗಳು 54,912. ಸ್ಟ್ರೇಟ್, ಅಂದರೆ ಐದು ಎಲೆಗಳ ಸಾಲು, 10,200. ಫ್ಲಶ್, ಅಂದರೆ ಐದೂ ಒಂದೇ ಜಾತಿಯ ಎಲೆ, 5,108 ಮಾತ್ರ. ಎಲೆ ಮೂರರಿಂದ ಐದಕ್ಕೆ ಏರಿದ ಕೂಡಲೇ ಎಲ್ಲವೂ ತಲೆಕೆಳಗಾಯಿತು. ಮೂರು ಎಲೆಯಲ್ಲಿ ಮೂರೂ ರಾಜರೇ ಬರಬೇಕು, ಅದು ಕಷ್ಟ. ಐದರಲ್ಲಿ ಯಾವುದಾದರೂ ಮೂರು ರಾಜರಾದರೆ ಸಾಕು, ಇನ್ನೆರಡು ಎಲೆ ಏನಿದ್ದರೂ ನಡೆಯುತ್ತದೆ. ಕಲರ್‌ನದು ಇದಕ್ಕೆ ವಿರುದ್ಧ. ಮೂರು ಎಲೆ ಒಂದೇ ಜಾತಿಗೆ ಸೇರುವುದು ಅಷ್ಟೇನೂ ಅಪರೂಪವಲ್ಲ, ಐದೂ ಸೇರುವುದು ಬಹಳ ಅಪರೂಪ. ಹಾಗಾಗಿ ಪೋಕರ್‌ನಲ್ಲಿ ಕಲರ್ ಸೀಕ್ವೆನ್ಸ್‌ಗಿಂತ ಮೇಲೇರಿತು, ನಿಮ್ಮ ಟ್ರೈಲ್ ಎರಡಕ್ಕಿಂತಲೂ ಕೆಳಗಿಳಿಯಿತು.

ಕೆಳಗಿನಿಂದ ಮೇಲಕ್ಕೆ ಹೇಳಿದರೆ ಪೋಕರ್‌ನ ಕ್ರಮ ಹೀಗೆ: ಬಿಡಿ ಎಲೆ, ಒಂದು ಜೋಡಿ, ಎರಡು ಜೋಡಿ, ಮೂರು ಒಂದೇ, ಸ್ಟ್ರೇಟ್, ಫ್ಲಶ್, ಫುಲ್ ಹೌಸ್ (ಮೂರು ಒಂದೇ, ಜೊತೆಗೆ ಒಂದು ಜೋಡಿ), ನಾಲ್ಕು ಒಂದೇ, ಸ್ಟ್ರೇಟ್ ಫ್ಲಶ್. ಒಂದೇ ಜಾತಿಯ ಹತ್ತು, ಗುಲಾಮ, ರಾಣಿ, ರಾಜ, ಎಕ್ಕ ಸಾಲಾಗಿ ಬಂದರೆ ರಾಯಲ್ ಫ್ಲಶ್, ಅದರ ಮೇಲೆ ಯಾವುದೂ ಇಲ್ಲ. ಒಂದು ಕಾಗದದ ಮೇಲೆ ಇದನ್ನು ದೊಡ್ಡದಾಗಿ ಬರೆದು ಮಧ್ಯದಲ್ಲಿಟ್ಟುಕೊಂಡು ಆಡಿ. ನೋಡಿಕೊಂಡು ಆಡುವುದರಲ್ಲಿ ನಾಚಿಕೆಯೇನಿಲ್ಲ. ಇನ್ನೊಂದು ಮಾತು, ಪೋಕರ್‌ನಲ್ಲಿ ಜಾತಿಗಳ ನಡುವೆ ಹೆಚ್ಚು ಕಡಿಮೆ ಇಲ್ಲ. ಇಸ್ಪೀಟಿನ ಎಕ್ಕವೂ ಡೈಮಂಡಿನ ಎಕ್ಕವೂ ಸಮ. ಎಕ್ಕ, ಎರಡು, ಮೂರು ಬಂದರೆ ತೀನ್ ಪತ್ತಿಯಲ್ಲಿ ಬಹಳ ಕಡೆ ದೊಡ್ಡ ಸಾಲು ಎಂದು ಹಿಡಿಯುತ್ತಾರೆ. ಇಲ್ಲಿ ಎಕ್ಕದಿಂದ ಐದರವರೆಗಿನ ಸಾಲು ಸ್ಟ್ರೇಟ್‌ಗಳಲ್ಲೆಲ್ಲ ಚಿಕ್ಕದು. ರಾಣಿ, ರಾಜ, ಎಕ್ಕ, ಎರಡು, ಮೂರು ಎಂದು ಸುತ್ತಿಕೊಂಡು ಬರುವುದು ಸಾಲೇ ಅಲ್ಲ.

ಆಟ ನಡೆಯುವ ರೀತಿ ಕಷ್ಟದ್ದಲ್ಲ. ಹಂಚುವವನ ಸ್ಥಾನ ಪ್ರತಿ ಆಟಕ್ಕೂ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಒಬ್ಬೊಬ್ಬರಂತೆ ಮುಂದೆ ಹೋಗುತ್ತದೆ. ಅವನ ಎಡಕ್ಕಿರುವ ಇಬ್ಬರು ಎಲೆ ನೋಡುವ ಮೊದಲೇ ಬೀಜ ಇಡಬೇಕು, ಒಬ್ಬರು ಒಂದು, ಮುಂದಿನವರು ಎರಡು ಎಂದಿಟ್ಟುಕೊಳ್ಳಿ. ಇವನ್ನು ಸ್ಮಾಲ್ ಬ್ಲೈಂಡ್, ಬಿಗ್ ಬ್ಲೈಂಡ್ ಎನ್ನುತ್ತಾರೆ. ತೀನ್ ಪತ್ತಿಯಲ್ಲಿ ಎಲೆ ನೋಡದೆ ಅರ್ಧ ಬೆಲೆಗೆ ಆಡುವ ಬ್ಲೈಂಡ್‌ಗೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಎಲೆ ಬಂದ ಮೇಲೆ ಎಲ್ಲರೂ ನೋಡಿಕೊಳ್ಳುತ್ತಾರೆ, ಬ್ಲೈಂಡ್ ನಿಮ್ಮ ಬೂಟ್ (ಎಲೆ ನೋಡುವ ಮೊದಲೇ ಇಡುವ ಪಣ) ಇದ್ದ ಹಾಗೆ. ಪ್ರತಿಯೊಬ್ಬರಿಗೂ ಎರಡೆರಡು ಎಲೆ ಮುಚ್ಚಿ ಹಂಚಿದ ಮೇಲೆ ಮೊದಲ ಸುತ್ತಿನ ಪಣ. ಬಿಗ್ ಬ್ಲೈಂಡ್‌ನ ಎಡಕ್ಕೆ ಕುಳಿತವರಿಂದ ಅದು ಶುರುವಾಗುತ್ತದೆ. ಪಣಕ್ಕೆ ಸಮ ಹಾಕಿದರೆ ಕಾಲ್, ಏರಿಸಿದರೆ ರೇಸ್, ಎಲೆ ಕೆಳಗಿಟ್ಟು ಕೈತೊಳೆದುಕೊಂಡರೆ ಫೋಲ್ಡ್. ಮುಂದಿನ ಸುತ್ತುಗಳಲ್ಲಿ ಯಾರೂ ಇನ್ನೂ ಏನೂ ಇಡದಿದ್ದಾಗ, ತಾನೂ ಇಡದೆ ಸರದಿಯನ್ನು ಮುಂದಿನವರಿಗೆ ಬಿಟ್ಟರೆ ಚೆಕ್. ಉಳಿದವರೆಲ್ಲರ ಬೀಜ ಸಮವಾದಾಗ ಸುತ್ತು ಮುಗಿಯಿತು.

ಆಮೇಲೆ ನೆಲದ ಮೇಲೆ ಮೂರು ಎಲೆ ತೆರೆದಿಡುತ್ತಾರೆ, ಅದು ಫ್ಲಾಪ್. ಮತ್ತೆ ಪಣ, ಈ ಸಲ ಹಂಚುವವನ ಎಡದಿಂದ ಶುರು. ನಾಲ್ಕನೆಯ ಎಲೆ ಟರ್ನ್, ಮತ್ತೆ ಪಣ. ಐದನೆಯದು ರಿವರ್, ಕೊನೆಯ ಪಣ. ಆಮೇಲೆ ಇನ್ನೂ ಉಳಿದವರು ಎಲೆ ತೋರಿಸಬೇಕು. ಕೈಯಲ್ಲಿನ ಎರಡು, ನೆಲದ ಐದು, ಒಟ್ಟು ಏಳರಲ್ಲಿ ಅತಿ ಒಳ್ಳೆಯ ಐದೇ ನಿಮ್ಮ ಕೈ. ಕೈಯಲ್ಲಿನ ಎರಡನ್ನೂ ಬಳಸಲೇಬೇಕೆಂಬ ಕಡ್ಡಾಯವಿಲ್ಲ. ಒಂದನ್ನು ಬಳಸಬಹುದು, ಏನನ್ನೂ ಬಳಸದೆ ನೆಲದ ಐದನ್ನೇ ತೋರಿಸಬಹುದು. ಆಗ ಉಳಿದವರ ಕೈಯೂ ಅದೇ ಆಗಿದ್ದರೆ ರಾಶಿಯನ್ನು ಸಮನಾಗಿ ಹಂಚಿಕೊಳ್ಳಬೇಕು. ನೆಲದ ಮೇಲೆ ಎಕ್ಕ, ಒಂಬತ್ತು, ಏಳು, ನಾಲ್ಕು, ಎರಡು ಬೇರೆ ಬೇರೆ ಜಾತಿಯಲ್ಲಿ ಬಿದ್ದು, ನಿಮ್ಮ ಬಳಿ ಎಕ್ಕ ಮತ್ತು ರಾಜ, ನನ್ನ ಬಳಿ ಎಕ್ಕ ಮತ್ತು ರಾಣಿ ಇದ್ದರೆ ಇಬ್ಬರಿಗೂ ಎಕ್ಕದ ಜೋಡಿ. ಗೆಲ್ಲುವುದು ನೀವು, ಏಕೆಂದರೆ ಜೋಡಿಯ ಪಕ್ಕದ ಎಲೆ, ಅವರು ಕಿಕ್ಕರ್ ಎನ್ನುವುದು, ನಿಮ್ಮದು ದೊಡ್ಡದು. ಮನೆಗಳಲ್ಲಿ ಜಗಳ ಹೆಚ್ಚು ಬರುವುದು ಈ ಕಿಕ್ಕರ್ ವಿಷಯಕ್ಕೇ.

ತನ್ನ ಬಳಿ ಇರುವುದನ್ನೆಲ್ಲ ಮುಂದೆ ತಳ್ಳುವುದು ಆಲ್ ಇನ್. ಬೀಜ ಕಡಿಮೆ ಇದ್ದವನು ಆಲ್ ಇನ್ ಆದರೆ, ಪ್ರತಿಯೊಬ್ಬರಿಂದಲೂ ತಾನು ಇಟ್ಟಷ್ಟನ್ನೇ ಗೆಲ್ಲಬಲ್ಲ. ಉಳಿದದ್ದು ಇತರರ ನಡುವಿನ ಬೇರೆ ರಾಶಿ.

ಏಳು ಎಲೆಯಿಂದ ಆರಿಸುವಾಗ ಈ ಅಪರೂಪದ ಲೆಕ್ಕ ಉಳಿಯುತ್ತದೆಯೇ ಎಂದು ಜಾಣ ವಿದ್ಯಾರ್ಥಿಗಳು ಕೇಳುತ್ತಾರೆ. ಪೂರ್ತಿ ಉಳಿಯುವುದಿಲ್ಲ. ಏಳು ಎಲೆಯಲ್ಲಿ ಒಂದು ಜೋಡಿ ಬರುವ ಸಂಭವ ಸುಮಾರು ಶೇ 44, ಜೋಡಿಯೂ ಇಲ್ಲದ ಬಿಡಿ ಎಲೆ ಬರುವುದು ಸುಮಾರು ಶೇ 17 ಮಾತ್ರ. ಅಪರೂಪವೇ ದೊಡ್ಡದೆಂದರೆ ಏನೂ ಇಲ್ಲದ ಕೈ ಜೋಡಿಯನ್ನು ಸೋಲಿಸಬೇಕಾಗುತ್ತದೆ! ಹಾಗಾಗಿ ಐದೆಲೆಯ ಕ್ರಮವನ್ನೇ ಇಲ್ಲಿಯೂ ಉಳಿಸಿಕೊಂಡಿದ್ದಾರೆ.

ಈಗ ನಿಮ್ಮ ಹತ್ತು ಬೀಜದ ವಿಚಾರ. ಎಲೆಗಳನ್ನೆಲ್ಲ ನೀವು ಪತ್ರದ ಕೊನೆಯಲ್ಲಿ ಬರೆದು ಕಳಿಸಿದ್ದು ಒಳ್ಳೆಯದಾಯಿತು. ನಿಮ್ಮ ಕೈಯಲ್ಲಿ ಆಟೀನಿನ ರಾಜ, ಇಸ್ಪೀಟಿನ ರಾಜ. ಅವನ ಕೈಯಲ್ಲಿ ಕಳಾವರದ ಎಕ್ಕ ಮತ್ತು ಆರು. ಫ್ಲಾಪ್‌ನಲ್ಲಿ ಕಳಾವರದ ರಾಜ, ಕಳಾವರದ ಒಂಬತ್ತು, ಡೈಮಂಡಿನ ನಾಲ್ಕು. ಟರ್ನ್‌ನಲ್ಲಿ ಆಟೀನಿನ ಏಳು. ರಿವರ್‌ನಲ್ಲಿ ಕಳಾವರದ ಎರಡು.

ರಿವರ್ ಬೀಳುವ ಮುನ್ನ ನಿಮ್ಮಿಬ್ಬರ ಕೈ ಮತ್ತು ನೆಲ ಸೇರಿ ಎಂಟು ಎಲೆ ಕಂಡಿವೆ, ಉಳಿದವು 44. ಅವುಗಳಲ್ಲಿ ಒಂಬತ್ತು ಕಳಾವರ. ಆದರೆ ಕಳಾವರದ ನಾಲ್ಕೋ ಏಳೋ ಬಿದ್ದಿದ್ದರೆ ನೆಲದ ಮೇಲೆ ಜೋಡಿಯಾಗಿ ನಿಮಗೆ ಫುಲ್ ಹೌಸ್ ಆಗುತ್ತಿತ್ತು, ಅವನ ಫ್ಲಶ್ ಸೋಲುತ್ತಿತ್ತು. ಅಂದರೆ ಅವನನ್ನು ಗೆಲ್ಲಿಸುವ ಎಲೆ ಏಳೇ. 44ರಲ್ಲಿ ಏಳು ಎಂದರೆ ಸುಮಾರು ಶೇ 16. ಶೇ 84ರಷ್ಟು ಗೆಲುವು ನಿಮ್ಮ ಕಡೆ ಇತ್ತು. ಕಳಾವರದ ಎರಡು ಬಿದ್ದದ್ದು ನಸೀಬು, ಅದರಲ್ಲಿ ಅನುಮಾನವಿಲ್ಲ.

ಆದರೆ ಆ ಎಲೆ ನೋಡಲು ಅವನಿಗೆ ಎಷ್ಟು ಖರ್ಚಾಯಿತು? ಟರ್ನ್ ಹೊತ್ತಿಗೆ ರಾಶಿಯಲ್ಲಿ 60 ಬೀಜ ಇದ್ದವು ಎಂದಿದ್ದೀರಿ. ನೀವು ಹತ್ತು ಇಟ್ಟಿರಿ, ರಾಶಿ 70 ಆಯಿತು. ಅವನು ಹತ್ತು ಕೊಟ್ಟು 70 ಗೆಲ್ಲುವ ಅವಕಾಶ ಕೊಂಡ. ಎಂಟು ಸಲದಲ್ಲಿ ಒಂದು ಸಲ ಗೆದ್ದರೂ ಅವನ ಲೆಕ್ಕ ಸರಿಹೋಗುತ್ತದೆ. ಅವನಿಗೆ ನಿಮ್ಮ ಎಲೆ ಕಾಣುತ್ತಿರಲಿಲ್ಲ, ಕಾಣದ 46ರಲ್ಲಿ ಒಂಬತ್ತು ಕಳಾವರ ಎಂದು ಎಣಿಸಿರುತ್ತಾನೆ, ಅಂದರೆ ಐದರಲ್ಲಿ ಒಂದು. ಹತ್ತು ಬೀಜಕ್ಕೆ ಅದು ಭರ್ಜರಿ ವ್ಯಾಪಾರ. ನೀವು ಹತ್ತರ ಬದಲು 60 ಇಟ್ಟಿದ್ದರೆ? ಅವನು 60 ಕೊಟ್ಟು 120ರ ಆಸೆಗೆ ಬೀಳಬೇಕಿತ್ತು, ಮೂರು ಸಲಕ್ಕೆ ಒಂದು ಸಲವಾದರೂ ಗೆಲ್ಲಬೇಕಿತ್ತು. ಲೆಕ್ಕ ಬಲ್ಲ ಹುಡುಗ ಎಲೆ ಕೆಳಗಿಡುತ್ತಿದ್ದ. ಇಡದೆ ಮುಂದುವರಿದಿದ್ದರೆ ಆ ಒಂದು ಸಲ ಗೆದ್ದರೂ, ಹಾಗೆಯೇ ಆಡುತ್ತ ಹೋದರೆ ವರ್ಷವಿಡೀ ನಿಮಗೆ ಶೇಂಗಾ ಒದಗಿಸುತ್ತಿದ್ದ.

ಒಳ್ಳೆಯ ಎಲೆ ಬಂದಾಗ ಬಾಯಿ ಮುಚ್ಚಿಕೊಂಡು ಚಿಕ್ಕ ಪಣ ಇಡುವುದು ತೀನ್ ಪತ್ತಿಯ ಚಾಳಿ. ಅಲ್ಲಿ ಟ್ರೈಲ್ ಕೈಗೆ ಬಂದ ಮೇಲೆ ಎದುರಾಳಿಯ ಕೈ ಸುಧಾರಿಸುವ ದಾರಿಯೇ ಇಲ್ಲ, ಆದ್ದರಿಂದ ಅವನನ್ನು ಆಟದಲ್ಲಿ ಉಳಿಸಿಕೊಳ್ಳುವುದೇ ಲಾಭ. ಹೋಲ್ಡೆಮ್‌ನಲ್ಲಿ ಪ್ರತಿ ಹೊಸ ಎಲೆಯೂ ಯಾರದೋ ಕೈಯನ್ನು ಬದಲಿಸುತ್ತದೆ. ಅವನು ಎಲೆ ನೋಡಲಿ, ಆದರೆ ಅದಕ್ಕೆ ಬೆಲೆ ಕೊಡಲಿ. ಎಲೆಯ ಎಣಿಕೆಗೆ ಒಂದು ಸುಲಭ ಸೂತ್ರವೂ ಇದೆ. ನಿಮ್ಮನ್ನು ಗೆಲ್ಲಿಸುವ ಎಲೆಗಳೆಷ್ಟು ಎಂದು ಎಣಿಸಿ, ಒಂದೇ ಎಲೆ ಬಾಕಿ ಇದ್ದರೆ ಎರಡರಿಂದ, ಎರಡು ಎಲೆ ಬಾಕಿ ಇದ್ದರೆ ನಾಲ್ಕರಿಂದ ಗುಣಿಸಿ. ಬಂದದ್ದು ಹತ್ತಿರ ಹತ್ತಿರ ನಿಮ್ಮ ಶೇಕಡಾವಾರು. ಫ್ಲಾಪ್ ಆದ ಮೇಲೆ ಒಂಬತ್ತು ಎಲೆಯ ಆಸೆಯಲ್ಲಿರುವವನಿಗೆ ಸೂತ್ರ 36 ಎನ್ನುತ್ತದೆ, ನಿಜವಾದ ಲೆಕ್ಕ 35.

ನಸೀಬೋ ಬುದ್ಧಿಯೋ ಎಂಬ ಪ್ರಶ್ನೆಗೆ ಇದಕ್ಕಿಂತ ಪ್ರಾಮಾಣಿಕ ಉತ್ತರ ನನ್ನಲ್ಲಿಲ್ಲ. ಯಾವ ಎಲೆ ಬೀಳುತ್ತದೆ ಎಂಬುದು ಪೂರ್ತಿ ನಸೀಬು, ಅದಕ್ಕೆ ಎಷ್ಟು ತೆರಬೇಕು, ಎಷ್ಟು ತೆರಿಸಬೇಕು ಎಂಬುದು ಪೂರ್ತಿ ಬುದ್ಧಿ. ಅಂದರ್ ಬಾಹರ್‌ನಲ್ಲಿ ಎರಡನೆಯದಕ್ಕೆ ಜಾಗವೇ ಇಲ್ಲ. ಪಣ ಇಟ್ಟ ಮೇಲೆ ಎಲೆ ಬೀಳುವುದನ್ನು ನೋಡುತ್ತ ಕೂರಬೇಕು ಅಷ್ಟೆ. ಆದರೆ "ಪೋಕರ್ ಬುದ್ಧಿಯ ಆಟ, ನಾನು ಬುದ್ಧಿವಂತ, ಆದ್ದರಿಂದ ಇವತ್ತು ಗೆಲ್ಲುತ್ತೇನೆ" ಎನ್ನುವವನು ಅರ್ಧ ಮಾತ್ರ ಓದಿಕೊಂಡಿದ್ದಾನೆ. ಬುದ್ಧಿಯ ಲಾಭ ಕಾಣಲು ಸಾವಿರಾರು ಆಟ ಬೇಕು, ಒಂದು ರಾತ್ರಿಯಲ್ಲಿ ನಸೀಬೇ ದೊಡ್ಡದು. ಎರಡು ಎಕ್ಕ ಸರಾಸರಿ 221 ಆಟಕ್ಕೊಮ್ಮೆ ಬರುತ್ತವೆ. ಬಂದಾಗಲೂ, ಇನ್ನೂ ಐದು ಜನ ಯಾರೂ ಎಲೆ ಬಿಡದೆ ಕೊನೆಯವರೆಗೆ ಕುಳಿತರೆ ಆ ಎಕ್ಕಗಳು ಗೆಲ್ಲುವುದು ಸುಮಾರು ಅರ್ಧ ಸಲ ಮಾತ್ರ. ಇನ್ನು "ಅರ್ಧ ಗಂಟೆಯಿಂದ ಜೋಡಿ ಬಂದಿಲ್ಲ, ಈಗ ಬರಲೇಬೇಕು" ಎನ್ನುವವರು ನಿಮ್ಮ ಮನೆಯಲ್ಲೂ ಇರಬಹುದು. ಕಲಸಿದ ಕಟ್ಟಿಗೆ ಹಿಂದಿನ ಆಟದ ನೆನಪಿಲ್ಲ. ಕೈಗೆ ಜೋಡಿ ಬರುವ ಸಂಭವ ಪ್ರತಿ ಸಲವೂ 17ರಲ್ಲಿ ಒಂದೇ.

ಹುಡುಗರು ಈ ಆಟಕ್ಕೆ ಮರುಳಾಗುವುದಕ್ಕೂ ಹಿನ್ನೆಲೆ ಇದೆ. ಅಮೆರಿಕದ ಟೆಕ್ಸಾಸ್ ರಾಜ್ಯದ ಶಾಸನಸಭೆ ರಾಬ್ಸ್‌ಟೌನ್ ಎಂಬ ಊರನ್ನು ಈ ಆಟದ ಹುಟ್ಟೂರೆಂದು 2007ರಲ್ಲಿ ಮಾನ್ಯ ಮಾಡಿತು. ಲಾಸ್ ವೇಗಾಸ್‌ನಲ್ಲಿ ಪೋಕರ್‌ನ ವಿಶ್ವ ಸರಣಿ 1970ರಲ್ಲಿ ಆರಂಭವಾಯಿತು. 2003ರಲ್ಲಿ ಕ್ರಿಸ್ ಮನಿಮೇಕರ್ ಎಂಬ ಲೆಕ್ಕಪತ್ರದ ನೌಕರ ಇಂಟರ್ನೆಟ್‌ನಲ್ಲಿ ಆಡಿ ಅರ್ಹತೆ ಪಡೆದು ಅಲ್ಲಿಗೆ ಹೋಗಿ 25 ಲಕ್ಷ ಡಾಲರ್ ಗೆದ್ದ. ಅವನ ಹೆಸರು ನಿಜವಾಗಿಯೂ ಅದೇ. ಅಂದಿನಿಂದ ಜಗತ್ತಿನ ಎಲ್ಲ ಹಾಸ್ಟೆಲ್‌ಗಳಲ್ಲೂ ಒಬ್ಬೊಬ್ಬ ಮನಿಮೇಕರ್ ಇದ್ದಾನೆ. ಸೋತವರ ಹೆಸರನ್ನು ಯಾರೂ ಬರೆದಿಡಲಿಲ್ಲ.

ಈಗ ಮನೆಯವರ ಅಂಜಿಕೆ. ಅದನ್ನು ನಗೆಯಾಡಿ ತಳ್ಳಿಹಾಕಲಾರೆ. ಶೇಂಗಾ ಬೀಜ ಇಟ್ಟು ಮನೆಯಲ್ಲಿ ಆಡಿದರೆ ಯಾವ ಕೇಸೂ ಇಲ್ಲ. ಹಣ ಬಂದ ಕೂಡಲೇ ಮಾತು ಬೇರೆ. ನಮ್ಮ ಜಿಲ್ಲೆಗಳ ಪತ್ರಿಕೆಗಳಲ್ಲಿ ಇಸ್ಪೀಟು ಅಡ್ಡೆಗಳ ಮೇಲಿನ ದಾಳಿಯ ಸುದ್ದಿಯನ್ನು ನೀವು ಓದುತ್ತಲೇ ಇರುತ್ತೀರಿ. ಅವೆಲ್ಲ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಅಡಿಯಲ್ಲಿ ನಡೆಯುವಂಥವು. ಆ ಕಾಯ್ದೆ ಕೌಶಲದ ಆಟಕ್ಕೆ ವಿನಾಯಿತಿ ಕೊಡುತ್ತದೆ ನಿಜ. ಆದರೆ ಪೋಕರ್ ಕೌಶಲವೋ ಜೂಜೋ ಎಂಬ ಬಗ್ಗೆ ದೇಶದ ನ್ಯಾಯಾಲಯಗಳು ಒಂದೇ ಮಾತು ಹೇಳಿಲ್ಲ. ಗುಜರಾತ್ ಹೈಕೋರ್ಟ್ 2017ರಲ್ಲಿ ಅದನ್ನು ಜೂಜು ಎಂದೇ ಕಂಡಿತು. ಕೌಶಲದ ಆಟ ಎಂಬ ವಾದವನ್ನು ನಂಬಿಕೊಂಡು ಹಣದ ಮೇಜಿಗೆ ಕೂರುವುದು ಬೇಡ. ಊರಿನ ಅಡ್ಡೆಯಾಗಲಿ, ಕ್ಲಬ್ಬಾಗಲಿ, ಆಡಿಸುವವನು ಪ್ರತಿ ರಾಶಿಯಿಂದಲೂ ತನ್ನ ಪಾಲು ತೆಗೆಯುತ್ತಾನೆ. ಸಮಬಲರು ಕುಳಿತು ಬಹಳ ಕಾಲ ಆಡಿದರೆ ಗೆಲ್ಲುವವನು ಅವನೊಬ್ಬನೇ.

ಮೊಬೈಲ್ ವಿಷಯದಲ್ಲಿ ಕಾನೂನು ಇನ್ನೂ ಸ್ಪಷ್ಟ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕರ್ನಾಟಕ 2021ರಲ್ಲಿ ಮಾಡಿದ ತಿದ್ದುಪಡಿಯನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಮಾಡಿತ್ತು. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಇಡೀ ದೇಶಕ್ಕೆ ಅನ್ವಯಿಸುವ ಕಾಯ್ದೆ ತಂದಿತು. ಕೌಶಲವಿರಲಿ, ನಸೀಬಿರಲಿ, ಹಣ ಕಟ್ಟಿಸಿಕೊಂಡು ಆನ್‌ಲೈನ್ ಆಟ ಆಡಿಸುವುದನ್ನು ಅದು ನಿಷೇಧಿಸಿದೆ. ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ ಇದೆ, ಆಡಿದವರಿಗೆ ಶಿಕ್ಷೆ ಇಲ್ಲ. ಹೀಗಿದ್ದೂ ಹಣ ಕಟ್ಟಿಸಿಕೊಳ್ಳುವ ಆ್ಯಪ್ ಸಿಕ್ಕಿದರೆ ಅದು ಕಾನೂನಿನ ಹೊರಗಿನದು. ಎದುರು ಕುಳಿತಿರುವವನು ಮನುಷ್ಯನೋ ಯಂತ್ರವೋ ತಿಳಿಯುವುದಿಲ್ಲ, ಗೆದ್ದ ಹಣ ಕೊಡದಿದ್ದರೆ ಕೇಳಲು ಬಾಗಿಲಿಲ್ಲ. ಹಣ ಕಟ್ಟಿ ಮೋಸ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಹಣವಿಲ್ಲದ ಉಚಿತ ಆ್ಯಪ್‌ಗಳಲ್ಲಿ ನಿಯಮ ಕಲಿಯಬಹುದು. ಸರದಿ, ಪಣ, ಕೈಗಳ ಕ್ರಮ ಬೇಗ ಮನಸ್ಸಿಗೆ ಹತ್ತುತ್ತವೆ. ಕೊರತೆ ಎಂದರೆ, ಸುಳ್ಳು ಹಣವಾದ್ದರಿಂದ ಎಲ್ಲರೂ ಎಲ್ಲ ಎಲೆಗೂ ಆಲ್ ಇನ್ ಎನ್ನುತ್ತಾರೆ, ಅಲ್ಲಿ ಕಲಿತ ಚಾಳಿ ಬಿಡಿಸುವುದು ಕಷ್ಟ.

ಹುಡುಗನ ಬಗ್ಗೆ: ಮನೆಯವರೆಲ್ಲರ ಮುಂದೆ ಕುಳಿತು ಮೌಶಿಗೆ ಆಟ ಕಲಿಸುವ ಹುಡುಗನ ಬಗ್ಗೆ ನನಗೆ ದೊಡ್ಡ ಚಿಂತೆ ಇಲ್ಲ. ಚಿಂತೆ ಮಾಡಬೇಕಾದದ್ದು ಮುಚ್ಚಿಟ್ಟು ಆಡುವವನ ಬಗ್ಗೆ. ಗೆಳೆಯರಲ್ಲಿ ಕೈಸಾಲ, ಫೀಸಿನ ಹಣ ಕಟ್ಟಿದ್ದೇನೆ ಎಂಬ ಸುಳ್ಳು, ಕಳೆದದ್ದನ್ನು ಇವತ್ತೇ ವಾಪಸ್ ಪಡೆಯುವ ಹಟ, ಇವು ಕಂಡರೆ ಗದರಬೇಡಿ, ಮೊದಲು ಸಾಲದ ಲೆಕ್ಕ ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೂ ಮಾತನಾಡಬಹುದು. ಹಣ ಕಟ್ಟಿ ಆಡುತ್ತೀಯಾ ಎಂದು ಅವನನ್ನು ನೇರವಾಗಿ ಕೇಳಲು ಈಗ ನಿಮಗೆ ಒಳ್ಳೆಯ ನೆಪವೂ ಸಿಕ್ಕಿದೆ, ಏಕೆಂದರೆ ನೀವು ಅವನ ಶಿಷ್ಯೆ.

ಕಲಿಯಲು ಮನೆಯೇ ಸರಿಯಾದ ಜಾಗ. ನಾಲ್ಕರಿಂದ ಆರು ಜನ ಸಾಕು. ಗೋವಿನಜೋಳದ ಕಾಳಿಗೆ ಒಂದು, ಶೇಂಗಾಕ್ಕೆ ಐದು, ಹುಣಸೆ ಬೀಜಕ್ಕೆ 20 ಎಂದು ಬೆಲೆ ಕಟ್ಟಿ. (ವಿಜಯಪುರದವರು ಒಣದ್ರಾಕ್ಷಿ ಇಡಲು ಹೋಗುತ್ತಾರೆ, ಅರ್ಧ ಆಟಕ್ಕೇ ಬ್ಯಾಂಕ್ ದಿವಾಳಿ.) ಮೊದಲ ಕೆಲವು ಆಟಗಳನ್ನು ಕೈಯ ಎಲೆಗಳನ್ನೂ ತೆರೆದಿಟ್ಟು ಆಡಿ, ಪ್ರತಿ ಸುತ್ತಿನಲ್ಲೂ ಯಾರು ಮುಂದಿದ್ದಾರೆ, ಯಾವ ಎಲೆ ಬಿದ್ದರೆ ಯಾರು ಗೆಲ್ಲುತ್ತಾರೆ ಎಂದು ಎಲ್ಲರೂ ಗಟ್ಟಿಯಾಗಿ ಹೇಳಲಿ. ಮುಚ್ಚಿ ಆಡಲು ಶುರುಮಾಡಿದ ಮೇಲೆ ಬೀಜ ಮುಗಿದವರಿಗೆ ಮತ್ತೆ ಕೊಡಬೇಡಿ. ಬೀಜಕ್ಕೆ ಬೆಲೆ ಇಲ್ಲದಿದ್ದರೆ ಯಾರೂ ಎಲೆ ಕೆಳಗಿಡುವುದಿಲ್ಲ, ಎಲೆ ಕೆಳಗಿಡಲು ಕಲಿಯದವರಿಗೆ ಈ ಆಟ ಬರುವುದಿಲ್ಲ. ಮೊದಲು ಬೀಜ ಕಳೆದುಕೊಂಡವರು ಎದ್ದು ಎಲ್ಲರಿಗೂ ಚಹಾ ಮಾಡಬೇಕೆಂದು ನಿಯಮ ಇಡಿ, ಆಗ ನೋಡಿ ಎಷ್ಟು ಜನ ಎರಡು ಮತ್ತು ಏಳರಂಥ ಕಳಪೆ ಎಲೆ ಹಿಡಿದುಕೊಂಡು ರಿವರ್‌ವರೆಗೆ ಬರುತ್ತಾರೆ ಎಂದು.